ಗೋಡೆ ಸರಿಯಿತು ಅಂದರೆ ಭ್ರಮೆ ಅನ್ನಬೇಡಿ

ನಮ್ಮ ನಡುಮನೆಯ ಗೋಡೆಯ ಮೇಲೆ ಒಂದು ಕ್ಯಾಲೆಂಡರು, ಒಂದು ಗಡಿಯಾರ ಬಿಟ್ಟರೆ ಬೇರೇನೂ ಇಲ್ಲ. ಸುಮಾರು ಎರಡು ವರ್ಷ, ಹೆಚ್ಚುಕಡಿಮೆ ದಿನಾ ಸಂಜೆ ಐದೂವರೆಗೆ, ಆ ಗೋಡೆ ನನ್ನಿಂದ ಹಿಂದಕ್ಕೆ ಸರಿಯುತ್ತಿತ್ತು. ಕ್ಯಾಲೆಂಡರು ಕುಗ್ಗುತ್ತಿತ್ತು, ಗಡಿಯಾರವನ್ನು ಯಾರೋ ಒಳಗಿನಿಂದ ಎಳೆದುಕೊಳ್ಳುತ್ತಿರುವ ಹಾಗೆ ಕಾಣುತ್ತಿತ್ತು. ಆದರೂ ಎರಡೂ ಇದ್ದಲ್ಲೇ ಇರುತ್ತಿದ್ದವು. ಸರಿಯುತ್ತಿದೆ, ಎಲ್ಲಿಗೂ ಹೋಗುತ್ತಿಲ್ಲ. ಆ ನೋಟಕ್ಕೆ ಇದಕ್ಕಿಂತ ಹತ್ತಿರದ ಮಾತು ನನಗೆ ಸಿಕ್ಕಿಲ್ಲ. ಹತ್ತು ಹದಿನೈದು ಸೆಕೆಂಡು ಹೀಗೆ ಆಗಿ ಆಮೇಲೆ ಗೋಡೆ ಮತ್ತೆ ಗೋಡೆಯಾಗುತ್ತಿತ್ತು.

ಆಗ ನಾನು ಭೀಮಸಮುದ್ರದ ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಯಾವುದೋ ದೇಶದ ರಸ್ತೆಗಳನ್ನು ನೋಡುವ ಕೆಲಸ ಮಾಡುತ್ತಿದ್ದೆ. ಓಡುವ ಕಾರಿನ ಮುಂಭಾಗದಲ್ಲಿ ಕ್ಯಾಮೆರಾ ಕೂರಿಸಿ ತೆಗೆದ ವಿಡಿಯೊಗಳು. ಅದರಲ್ಲಿ ಕಾಣುವ ಪ್ರತಿ ಕಾರು, ಲಾರಿ, ಸೈಕಲ್ಲಿನ ಸುತ್ತ ಬೇರೆ ಯಾರೋ ಚೌಕ ಎಳೆದಿರುತ್ತಾರೆ. ಅದು ಸರಿಯಾಗಿದೆಯೇ, ಆ ವಾಹನ ನಿಂತಿದೆಯೋ ಚಲಿಸುತ್ತಿದೆಯೋ ಎಂದು ಗುರುತು ಹಾಕುವುದು ನನ್ನ ಪಾಲಿನ ಕೆಲಸ. ತಾನಾಗಿ ಓಡುವ ಕಾರಿಗೆ ಕಣ್ಣು ಕಲಿಸುವ ವಿದ್ಯೆ ಇದು. ಎಣಿಕೆಯ ಮೇಲೆ ಕೂಲಿ. ದಿನಕ್ಕೆ ಎಂಟು ಗಂಟೆ, ಕೆಲವೊಮ್ಮೆ ಹತ್ತು, ರಸ್ತೆ ನನ್ನ ಕಡೆಗೆ ಉಕ್ಕಿ ಬರುತ್ತಿತ್ತು. ಪರದೆಯ ನಡುವಿನ ಒಂದು ಬಿಂದುವಿನಿಂದ ಹುಟ್ಟಿ, ಹಿಗ್ಗುತ್ತಾ ಹಿಗ್ಗುತ್ತಾ ನಾಲ್ಕೂ ಅಂಚಿನಾಚೆ ಹರಿದುಹೋಗುತ್ತಿತ್ತು.

ಒಂದು ತಿಂಗಳು ನನ್ನ ಅಂಕ ಇಳಿಯಿತು. ನಿಂತ ವಾಹನಗಳಿಗೆ 'ಚಲಿಸುತ್ತಿದೆ' ಎಂದು ಗುರುತು ಹಾಕಿದ್ದೇನೆ, ಅದೂ ಬಹುಪಾಲು ಮಧ್ಯಾಹ್ನದ ನಂತರ. ತಿರುಗಿ ನೋಡಿದರೆ ನಿಜವೇ. ವಿಡಿಯೊ ನಿಲ್ಲಿಸಿ ಒಂದು ಚಿತ್ರವನ್ನೇ ನೋಡುವಾಗ ರಸ್ತೆಬದಿ ನಿಂತ ಲಾರಿ ಮೆಲ್ಲಗೆ ದೂರ ಹೋಗುತ್ತಿರುವಂತೆ ನನಗೆ ಕಾಣುತ್ತಿತ್ತು, ನಮ್ಮ ನಡುಮನೆಯ ಗಡಿಯಾರದ ಹಾಗೆಯೇ. ಮೇಲಿನವರಿಗೆ ಇದನ್ನು ವಿವರಿಸಿದೆ. ಬಂದ ಉತ್ತರ ಎರಡು ಸಾಲಿನದು. ಅದು ನಿಮ್ಮ ಭ್ರಮೆ, ಮುಖ ತೊಳೆದುಕೊಂಡು ಬಂದು ಕೂತುಕೊಳ್ಳಿ. ಆ ತಿಂಗಳ ಕೂಲಿಯಲ್ಲಿ ಕಡಿತವಾಯಿತು.

ನನ್ನ ತಕರಾರು ಆ ಕಡಿತಕ್ಕಿಂತ ಹೆಚ್ಚಾಗಿ ಆ ಪದದ ಮೇಲೆ.

ನಮ್ಮಲ್ಲಿ ಭ್ರಮೆ ಎಂದ ಕೂಡಲೇ ಬರುವ ಉದಾಹರಣೆ ಹಗ್ಗ ಮತ್ತು ಹಾವು. ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ಕಂಡಿತು, ದೀಪ ತಂದರೆ ಹಾವು ಮಾಯ. ವೇದಾಂತದ ಪ್ರವಚನಗಳಿಂದ ಹಿಡಿದು ಶಾಲೆಯ ಮೇಷ್ಟ್ರ ಮಾತಿನವರೆಗೆ ಇದು ಎಷ್ಟು ಬಳಕೆಯಾಗಿದೆ ಎಂದರೆ, ಕಣ್ಣು ಹೇಳಿದ್ದು ಲೋಕಕ್ಕೆ ಹೊಂದದಿದ್ದಾಗಲೆಲ್ಲ ಅದನ್ನು ಅಜ್ಞಾನದ ಲೆಕ್ಕಕ್ಕೆ ಬರೆಯುವುದು ನಮಗೆ ರೂಢಿಯಾಗಿದೆ. ಭ್ರಮೆ ಎಂದರೆ ತಿಳಿಯದವನ ತಪ್ಪು, ತಿಳಿವು ಬಂದರೆ ಹೋಗುವಂಥದ್ದು. ನನ್ನ ಗೋಡೆಯ ವಿಷಯ ಹಾಗಿಲ್ಲ. ಗೋಡೆ ನಿಂತಿದೆ ಎಂದು ನನಗೆ ಚೆನ್ನಾಗಿ ಗೊತ್ತು. ಎದ್ದು ಹೋಗಿ ಕೈಯಿಟ್ಟು ಮುಟ್ಟಿದ್ದೇನೆ. ಕೈಯಡಿಯಲ್ಲೂ ಅದು ಸರಿಯುತ್ತಿತ್ತು. ದೀಪ ತಂದರೂ ಹೋಗದ ಹಾವು ಇದು. ಇದಕ್ಕೆ ಅಜ್ಞಾನದ ಹೆಸರನ್ನೇ ಕೊಟ್ಟರೆ, ನೋಡಿದವನನ್ನು ದಡ್ಡನನ್ನಾಗಿ ಮಾಡಿ ನೋಡಿಸಿದವನನ್ನು ಬಿಟ್ಟುಕಳಿಸಿದ ಹಾಗೆ.

ಈ ನೋಟ ಹೊಸದೂ ಅಲ್ಲ. ಅರಿಸ್ಟಾಟಲ್ ಕನಸುಗಳ ಬಗ್ಗೆ ಬರೆದ ಪುಟ್ಟ ಗ್ರಂಥದಲ್ಲಿ, ರಭಸದಿಂದ ಹರಿಯುವ ನದಿಯನ್ನು ನೋಡಿ ಕಣ್ಣು ತಿರುಗಿಸಿದವರಿಗೆ ನಿಂತ ವಸ್ತುಗಳೂ ಚಲಿಸುವಂತೆ ಕಾಣುತ್ತವೆ ಎಂದು ಗುರುತಿಸಿದ್ದಾನೆ. 1834ರಲ್ಲಿ ರಾಬರ್ಟ್ ಆಡಮ್ಸ್ ಎಂಬಾತ ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತವನ್ನು ನೆಟ್ಟ ಕಣ್ಣಿನಿಂದ ನೋಡಿ, ಪಕ್ಕದ ಬಂಡೆಗಳ ಕಡೆ ತಿರುಗಿದಾಗ ಅವು ಮೇಲಕ್ಕೆ ಏರುತ್ತಿರುವುದನ್ನು ಕಂಡು ಬರೆದಿಟ್ಟ. ಅಂದಿನಿಂದ ಇದಕ್ಕೆ ಜಲಪಾತದ ಹೆಸರೇ ಅಂಟಿಕೊಂಡಿದೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಿತು. 1933ರ ನಂತರ ಅದೇ ಮೊದಲು. 89 ವರ್ಷ ಜಿಲ್ಲೆಯ ಜನ ಕಾದ ನೀರು. ನಮ್ಮ ಕಡೆಯಿಂದ ಗಾಡಿ ಮಾಡಿಕೊಂಡು ಹೋದವರಲ್ಲಿ ನಾನೂ ಒಬ್ಬ. ಎಲ್ಲರೂ ಫೋನು ಎತ್ತಿ ಹಿಡಿದಿದ್ದರು, ನಾನೂ ಹಿಡಿದಿದ್ದೆ. ಬ್ಯಾಟರಿ ಮುಗಿದ ಮೇಲೆ ಸುಮ್ಮನೆ ನೀರು ಬೀಳುವುದನ್ನೇ ನೋಡುತ್ತಾ ನಿಂತೆ. ಪಕ್ಕದ ಬಂಡೆಯ ಕಡೆ ತಿರುಗಿದರೆ ಅದು ಮೇಲಕ್ಕೆ ಏಳುತ್ತಿದೆ! ಪಕ್ಕದಲ್ಲಿದ್ದ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ನಾನು ಹೇಳಿದಂತೆ ನೋಡಿ, ಬೆಚ್ಚಿ, ಆಮೇಲೆ ಮಗುವಿನಂತೆ ನಕ್ಕು, ಇನ್ನೊಮ್ಮೆ ನೋಡಿದರು. ಮರಿಕಣಿವೆ ತುಂಬಿದ್ದು ಒಂದು ಪವಾಡವಾದರೆ ಇದು ಇನ್ನೊಂದು ಎಂದರು. ನೀರಿನ ಮುಂದೆ ಯಾರೂ ನನಗೆ ಮುಖ ತೊಳೆದುಕೊಂಡು ಬಾ ಅನ್ನಲಿಲ್ಲ.

ಹೀಗೇಕಾಗುತ್ತದೆ ಎಂಬುದನ್ನು ತಕ್ಕಡಿಯಲ್ಲಿಟ್ಟು ಹೇಳಬಹುದು, ಅಡಿಕೆ ವ್ಯಾಪಾರದ ಊರಲ್ಲವೇ ನಮ್ಮದು. ನೋಟದ ವ್ಯವಸ್ಥೆಯಲ್ಲಿ ಮೇಲ್ಮುಖ ಚಲನೆಗೆ ಸ್ಪಂದಿಸುವ ನರಕೋಶಗಳು ಬೇರೆ, ಕೆಳಮುಖಕ್ಕೆ ಬೇರೆ, ಹಿಗ್ಗುವುದಕ್ಕೆ ಬೇರೆ, ಕುಗ್ಗುವುದಕ್ಕೆ ಬೇರೆ. ಏನೂ ಚಲಿಸದಿದ್ದಾಗಲೂ ಇವೆಲ್ಲ ಸಣ್ಣಗೆ ಮಿಡಿಯುತ್ತಲೇ ಇರುತ್ತವೆ. ಎರಡೂ ತಟ್ಟೆ ಸಮವಾಗಿದ್ದರೆ 'ನಿಂತಿದೆ' ಎಂಬ ತೀರ್ಮಾನ. ಒಂದೇ ದಿಕ್ಕಿನ ಚಲನೆಯನ್ನು ಬಹಳ ಹೊತ್ತು ನೋಡಿದರೆ ಆ ಕಡೆಯ ಕೋಶಗಳ ಮಿಡಿತ ಕುಸಿಯುತ್ತದೆ. 1963ರಲ್ಲಿ ಬಾರ್ಲೋ ಮತ್ತು ಹಿಲ್ ಎಂಬ ವಿಜ್ಞಾನಿಗಳು ಮೊಲದ ಕಣ್ಣಿನ ಅಕ್ಷಿಪಟದಲ್ಲಿ ಇದನ್ನು ಅಳೆದೇ ತೋರಿಸಿದರು. ಚಲನೆ ನಿಂತ ಮೇಲೆ ಆ ಕೋಶದ ಮಿಡಿತ ಮಾಮೂಲಿ ಮಟ್ಟಕ್ಕಿಂತಲೂ ಕೆಳಗಿಳಿದಿತ್ತು. ಮನುಷ್ಯರಲ್ಲಿ ಈ ಕೆಲಸ ಹೆಚ್ಚಾಗಿ ಮಿದುಳಿನೊಳಗೆ ನಡೆಯುತ್ತದೆ. ಒಂದು ತಟ್ಟೆ ದಣಿದು ಹಗುರವಾದರೆ, ಏನೂ ಇಡದಿದ್ದರೂ ಇನ್ನೊಂದು ತಟ್ಟೆ ಕೆಳಗಿಳಿಯಲೇಬೇಕು. ಹಿಗ್ಗುವ ರಸ್ತೆ ನೋಡಿದವನ ಗೋಡೆ ಕುಗ್ಗಲೇಬೇಕು.

ಹಾಗಾದರೆ ಗೋಡೆಯ ಆ ಹದಿನೈದು ಸೆಕೆಂಡನ್ನು ಏನೆಂದು ಕರೆಯಬೇಕು? ನಾನು ಅದನ್ನು ದುಡಿಮೆಯ ರಸೀದಿ ಅನ್ನುತ್ತೇನೆ. ಯಾವ ದಿಕ್ಕಿನ ಚಲನೆಯನ್ನು ಬಹಳ ಹೊತ್ತು ನೋಡಿಸಲಾಗಿದೆ ಎಂಬುದು ಅದರಲ್ಲಿ ದಾಖಲಾಗಿರುತ್ತದೆ.

ಅಕ್ಷರಗಳನ್ನು ನೋಡಿದವರ ರಸೀದಿ ಬೇರೆ ಬಣ್ಣದ್ದು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡುತ್ತಿದ್ದ ಹಳೆಯ ಕಂಪ್ಯೂಟರುಗಳ ಮುಂದೆ ದಿನವಿಡೀ ಕೂರುತ್ತಿದ್ದ ಕೆಲವರು ಎದ್ದು ಹೋಗಿ ಪುಸ್ತಕ ತೆರೆದರೆ ಬಿಳಿ ಹಾಳೆಯ ಸಾಲುಗಳ ನಡುವೆ ಗುಲಾಬಿ ಛಾಯೆ ಕಾಣುತ್ತಿತ್ತು. ಇದರ ಬೇರು 1965ರಲ್ಲಿ ಸೆಲೆಸ್ಟ್ ಮೆಕಲಾ ಎಂಬ ಮನಶ್ಶಾಸ್ತ್ರಜ್ಞೆ ಪ್ರಕಟಿಸಿದ ಪ್ರಯೋಗದಲ್ಲಿದೆ. ಒಂದು ಬಣ್ಣದ ಅಡ್ಡಗೆರೆ, ಇನ್ನೊಂದು ಬಣ್ಣದ ಉದ್ದಗೆರೆಗಳನ್ನು ಕೆಲವು ನಿಮಿಷ ಒಂದಾದ ಮೇಲೊಂದು ನೋಡಿದರೆ, ಆಮೇಲೆ ಬರೀ ಕಪ್ಪುಬಿಳಿ ಗೆರೆಗಳಲ್ಲೂ ವಿರುದ್ಧ ಬಣ್ಣ ಕಾಣುತ್ತದೆ. ಇದು ನನ್ನ ಗೋಡೆಯಂತೆ ಹದಿನೈದು ಸೆಕೆಂಡಿಗೆ ಬಿಡುವಂಥದ್ದಲ್ಲ. 1975ರ ಒಂದು ಅಧ್ಯಯನದಲ್ಲಿ ಹದಿನೈದು ನಿಮಿಷ ನೋಡಿದ್ದರ ಪರಿಣಾಮ ಮೂರು ತಿಂಗಳಾದರೂ ಪೂರ್ತಿ ಆರಿರಲಿಲ್ಲ. ಹದಿನೈದು ನಿಮಿಷ! ಎಂಟು ಗಂಟೆ ದುಡಿದವರು ತಮಗೆ ಕಂಡದ್ದನ್ನು ಹೇಳಿದರೆ ಅನುಮಾನಿಸುವುದಕ್ಕೆ ಏನಿದೆ?

ನಮ್ಮ ಚಿಕ್ಕಮ್ಮನಿಗೆ ಪರದೆಯ ಸಂಗವೇ ಇಲ್ಲ. ಸುಗ್ಗಿಯಲ್ಲಿ ಗೋದಾಮಿನಲ್ಲಿ ಅಡಿಕೆ ಆರಿಸುತ್ತಾರೆ. ರಾಶಿ, ಬೆಟ್ಟೆ, ಅಪಿ, ಕೆಂಪುಗೋಟು ಎಂದು ನಾವು ಹೆಸರಿಟ್ಟು ಸುಮ್ಮನಾಗುತ್ತೇವೆ, ಅದನ್ನು ಬೇರ್ಪಡಿಸುವುದು ಅವರ ಕಣ್ಣು. ನನ್ನ ಗೋಡೆಯ ಕಥೆ ಹೇಳಿದಾಗ ಅವರು ಒಂದಿಷ್ಟೂ ಆಶ್ಚರ್ಯಪಡಲಿಲ್ಲ. "ಅದೇನ್ ಮಹಾ ಬಿಡಪ್ಪ, ನನಿಗೆ ಕಣ್ ಮುಚ್ಚಿದ್ರೂ ಅಡಿಕೆನೇ ಕಾಣ್ತಾವೆ. ಉರುಳ್ಕೆಂಡ್ ಬರ್ತಾನೇ ಇರ್ತಾವೆ," ಅಂದರು. 2000ದಲ್ಲಿ ರಾಬರ್ಟ್ ಸ್ಟಿಕ್‌ಗೋಲ್ಡ್ ಮತ್ತು ಸಂಗಡಿಗರು ಟೆಟ್ರಿಸ್ ಆಟ ಆಡಿಸಿ ಪರೀಕ್ಷಿಸಿದ್ದು ಇದನ್ನೇ. ನಿದ್ದೆಗೆ ಜಾರುವ ಹೊತ್ತಿನಲ್ಲಿ ಆಡಿದವರಿಗೆ ತುಂಡುಗಳು ಬೀಳುವುದು ಕಾಣುತ್ತಿತ್ತು. ನೆನಪಿನ ಶಕ್ತಿ ಕೆಟ್ಟು, ಆಟ ಆಡಿದ್ದೇ ಮರೆತುಹೋಗಿದ್ದವರಲ್ಲೂ ಕೆಲವರಿಗೆ ಕಂಡಿತು. ಚಿಕ್ಕಮ್ಮನ ಮಾತು ಯಾವ ಪತ್ರಿಕೆಯಲ್ಲೂ ಅಚ್ಚಾಗಲಿಲ್ಲ ಅನ್ನುವುದೊಂದೇ ವ್ಯತ್ಯಾಸ.

ಚಿಕ್ಕಮ್ಮನನ್ನು ಇಲ್ಲಿ ಕರೆತಂದದ್ದಕ್ಕೆ ಕಾರಣವಿದೆ. ನಮ್ಮ ಸಾಹಿತ್ಯದ ವೇದಿಕೆಗಳಲ್ಲಿ ಪರದೆಯನ್ನು ಬೈಯುವುದು ಒಂದು ಸುಲಭದ ವ್ರತವಾಗಿದೆ. ಮೊಬೈಲು ಬಿಡಿ, ಪುಸ್ತಕ ಹಿಡಿ. ಪರದೆ ನಮ್ಮ ನೋಟವನ್ನೇ ಕೆಡಿಸಿದೆ. ಈ ಪೀಳಿಗೆ ಭ್ರಮಾಲೋಕದಲ್ಲಿದೆ. ಕಾಲೇಜಿನಲ್ಲಿದ್ದಾಗ ಇಂಥ ಭಾಷಣಗಳನ್ನು ಕೇಳಿ ಚಪ್ಪಾಳೆ ತಟ್ಟಿದವನೇ ನಾನು. ಈಗ ಕೇಳಬೇಕೆನಿಸುತ್ತದೆ: ಸ್ವಾಮಿ, ಆ ಪರದೆಯಲ್ಲಿ ನಿಮಗೆ ಏನು ಕಂಡಿತು? ಒಂದು ದಿನ ಕೂತು ನೋಡಿ, ಎದ್ದ ಮೇಲೆ ಗೋಡೆಯಲ್ಲಿ, ಹಾಳೆಯಲ್ಲಿ, ರೆಪ್ಪೆಯ ಒಳಗೆ ಕಂಡದ್ದನ್ನು ಒಂದು ಪುಟ ಬರೆದಿದ್ದೀರಾ? ಬಿಸಿಲಿಗೆ ಕಾದ ನೆಲದ ಮೇಲೆ ನೀರಿನಂತೆ ಅಲುಗುವುದನ್ನು ಕಂಡ ಕನ್ನಡಿಗ ಅದಕ್ಕೆ ಬಿಸಿಲ್ಗುದುರೆ ಎಂದು ಹೆಸರಿಟ್ಟ. ಎಂಥ ಪದ! ಅದರಲ್ಲಿ ಉಪದೇಶವಿಲ್ಲ, ಬೈಗುಳವಿಲ್ಲ, ಓಡುವ ಒಂದು ಕುದುರೆ ಇದೆ. ನೋಡಿದವನೇ ಕೊಟ್ಟ ಹೆಸರದು. ಮೂರು ನಾಲ್ಕು ದಶಕಗಳಿಂದ ಕನ್ನಡಿಗರು ಕಂಪ್ಯೂಟರಿನ ಮುಂದೆ ಕೂತು ಉಣ್ಣುತ್ತಿದ್ದಾರೆ. ಸರಿಯುವ ಗೋಡೆಗೆ, ಗುಲಾಬಿ ಹಾಳೆಗೆ ನಮ್ಮಲ್ಲಿ ಒಂದು ಹೆಸರಿಲ್ಲ. ಪರದೆಯನ್ನು ಬೈಯುವವರು ನೋಡಲಿಲ್ಲ, ನೋಡಿದವರು ಬರೆಯಲಿಲ್ಲ. ಬರೆಯುವ ಮೊದಲೇ ಭ್ರಮೆ ಎಂಬ ಪದ ಬಾಯಿ ಮುಚ್ಚಿಸುತ್ತದೆ.

ಹೆಸರಿಲ್ಲದ ನೋವನ್ನು ಮಾರುಕಟ್ಟೆ ಬೇಗ ಗುರುತಿಸುತ್ತದೆ. ನಾನು ದುರ್ಗಕ್ಕೆ ಹೋಗಿ ನೀಲಿ ಬೆಳಕು ತಡೆಯುವ ಕನ್ನಡಕ ಕೊಂಡೆ. ಅಂಗಡಿಯವರು ಒಂದು ಪೆನ್ನಿನಿಂದ ನೇರಳೆ ಬೆಳಕು ಬಿಟ್ಟು, ಈ ಗಾಜಿನಲ್ಲಿ ಅದು ದಾಟುವುದಿಲ್ಲ ನೋಡಿ ಎಂದು ತೋರಿಸಿದರು. ದಾಟಲಿಲ್ಲ, ನಿಜ. ಆದರೆ ನನ್ನ ಗೋಡೆ ಸರಿಯುವುದಕ್ಕೂ ಆ ಬೆಳಕಿಗೂ ಯಾವ ಸಂಬಂಧ? ನಮ್ಮ ಕೆರೆಯ ಏರಿಯ ಮೇಲೆ ನಿಂತರೆ ಹಗಲಿನ ಆಕಾಶದಿಂದ ಬರುವ ನೀಲಿ ಬೆಳಕು ಯಾವ ಲ್ಯಾಪ್‌ಟಾಪಿನದಕ್ಕಿಂತಲೂ ಎಷ್ಟೋ ಪಾಲು ಹೆಚ್ಚು. 2023ರಲ್ಲಿ ಕಾಕ್ರನ್ ಸಂಸ್ಥೆ ಈ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿ, ಕಂಪ್ಯೂಟರಿನಿಂದಾಗುವ ಕಣ್ಣಿನ ದಣಿವನ್ನು ಈ ಕನ್ನಡಕಗಳು ಸಾಮಾನ್ಯ ಕನ್ನಡಕಕ್ಕಿಂತ ಹೆಚ್ಚೇನೂ ತಗ್ಗಿಸಲಾರವು, ಕನಿಷ್ಠ ಅಲ್ಪಾವಧಿಯಲ್ಲಿ, ಎಂಬ ಅಭಿಪ್ರಾಯಕ್ಕೆ ಬಂದಿತು. ಅಂಗಡಿಯವರ ಮೇಲೆ ನನಗೆ ಕೋಪವಿಲ್ಲ. ನನ್ನ ತಕರಾರನ್ನು ಪೂರ್ತಿ ಕೇಳಿಸಿಕೊಂಡ ಮೊದಲಿಗರು ಅವರೇ.

ಕೇಳಿಸಿಕೊಳ್ಳುವುದರಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಂಗ. ಆಗಾಗ ಒಂದು ಕಣ್ಣು ಕೆಲವು ನಿಮಿಷ ಕುರುಡಾಗುತ್ತದೆ ಎಂದು ಇಬ್ಬರು ಮಹಿಳೆಯರು ಲಂಡನ್ನಿನ ವೈದ್ಯರ ಬಳಿ ಹೋಗಿದ್ದರು. ಪರೀಕ್ಷೆಗಳಲ್ಲಿ ಏನೂ ಸಿಕ್ಕಲಿಲ್ಲ. ವಿವರವಾಗಿ ವಿಚಾರಿಸಿದಾಗ ಗೊತ್ತಾಯಿತು: ಮಗ್ಗುಲಾಗಿ ಮಲಗಿ, ಒಂದು ಕಣ್ಣು ದಿಂಬಿಗೆ ಮುಚ್ಚಿರುವಾಗ, ಇನ್ನೊಂದು ಕಣ್ಣಿನಿಂದ ಕತ್ತಲಲ್ಲಿ ಫೋನು ನೋಡುತ್ತಿದ್ದರು. ಮುಚ್ಚಿದ ಕಣ್ಣು ಕತ್ತಲಿಗೆ ಒಗ್ಗಿದೆ, ನೋಡಿದ ಕಣ್ಣು ಬೆಳಕಿಗೆ ಒಗ್ಗಿದೆ. ಫೋನು ಆರಿಸಿದ ಕೂಡಲೇ ಬೆಳಕಿಗೆ ಒಗ್ಗಿದ ಕಣ್ಣಿಗೆ ಏನೂ ಕಾಣದು. 2016ರಲ್ಲಿ ಇದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಹಾಸ್ಟೆಲಿನಲ್ಲಿ ಮಲಗಿ ಇದನ್ನು ಓದುತ್ತಿರುವವರು ಈಗಲೇ ಪರೀಕ್ಷಿಸಿಕೊಳ್ಳಬಹುದು. ಹಾಗೆಂದು ಕಂಡದ್ದೆಲ್ಲ ನಿರಪಾಯಕಾರಿ ಎಂದು ನಾನು ಹೇಳುತ್ತಿಲ್ಲ. ಕಣ್ಣಿನಲ್ಲಿ ಹಠಾತ್ತನೆ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚಿದರೆ, ಒಂದು ಬದಿಯಿಂದ ಪರದೆ ಇಳಿದಂತೆ ನೋಟ ಮರೆಯಾದರೆ ಅದು ಅಕ್ಷಿಪಟ ಕಳಚುತ್ತಿರುವ ಸೂಚನೆಯಿರಬಹುದು. ಅದೇ ದಿನ ಕಣ್ಣಿನ ವೈದ್ಯರ ಬಳಿ ಓಡಬೇಕು. ಅದನ್ನೂ ಭ್ರಮೆ ಎಂದು ನುಂಗಿಕೊಂಡವರ ಗತಿ ಏನು?

ಈಗ ದುಡಿಮೆಯ ವಿಷಯಕ್ಕೆ ಬರೋಣ. ನಮ್ಮ ಊರಿನ ಮುಂದೆ ಅದಿರು ಲಾರಿಗಳು ಓಡಾಡುತ್ತವೆ. ಕಲ್ಲು ಒಡೆಯುವವನ ಕಣ್ಣಿಗೆ ಚೂರು ಹಾರಿದರೆ ಅದು ಕೆಲಸದ ಗಾಯ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. 1948ರ ಕಾರ್ಖಾನೆ ಕಾಯ್ದೆಯ 35ನೇ ಸೆಕ್ಷನ್ ಇದ್ದದ್ದೇ ಕಣ್ಣಿನ ರಕ್ಷಣೆಗೆ: ಹಾರುವ ಚೂರು, ಅತಿಯಾದ ಬೆಳಕು. ಒಳಗಿನಿಂದ ದಣಿಯುವ ಕಣ್ಣಿನ ಮಾತು ಅದರಲ್ಲಿರಲಿಲ್ಲ, ಆ ಕಾಲಕ್ಕೆ ಇರುವುದು ಸಾಧ್ಯವೂ ಇರಲಿಲ್ಲ. ಯುರೋಪಿನ ದೇಶಗಳು 1990ರಲ್ಲೇ ಪರದೆಯ ಕೆಲಸಕ್ಕೆಂದು ಬೇರೆ ನಿರ್ದೇಶನ ಮಾಡಿಕೊಂಡವು. ನಡುನಡುವೆ ಬಿಡುವು ಅಥವಾ ಬೇರೆ ಬಗೆಯ ಕೆಲಸ ಕೊಡಬೇಕು, ಕಣ್ಣಿನ ಪರೀಕ್ಷೆ ಮಾಡಿಸಬೇಕು, ಅದರ ಖರ್ಚು ದುಡಿಯುವವನ ತಲೆಗೆ ಬರಬಾರದು. ಇಲ್ಲಿಯ ಚರ್ಚೆ ಯಾವ ದಿಕ್ಕಿಗಿದೆ? 2023ರಲ್ಲಿ ಎನ್.ಆರ್. ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2024ರ ಜುಲೈನಲ್ಲಿ ಐಟಿ ಕೆಲಸದ ದಿನವನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪ ನಮ್ಮ ರಾಜ್ಯದಲ್ಲಿ ಕೇಳಿಬಂತು, ಐಟಿ ನೌಕರರ ಸಂಘಟನೆ ಕೆಐಟಿಯು ಅದನ್ನು ವಿರೋಧಿಸಿತು. ಪರ ಮಾತಾಡಿದವರು ದೇಶ, ಪ್ರಗತಿ, ಶಿಸ್ತು ಎಂದರು. ವಿರೋಧಿಸಿದವರು ಸಂಸಾರ, ನಿದ್ದೆ, ಆರೋಗ್ಯ ಎಂದರು. 70 ಗಂಟೆಯಲ್ಲಿ ಕಣ್ಣು ಏನನ್ನು ನೋಡುತ್ತದೆ, ಕೊನೆಯ ಗಂಟೆಯ ನೋಟವನ್ನು ಎಷ್ಟು ನಂಬಬಹುದು ಎಂದು ಯಾರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಈ ಪ್ರಶ್ನೆ ದುಡಿಯುವವನಿಗಿಂತ ದುಡಿಸಿಕೊಳ್ಳುವವನಿಗೇ ಹೆಚ್ಚು ಬೇಕಾಗಿತ್ತು. ನನ್ನ ತಪ್ಪು ಗುರುತಿನಿಂದ ನನಗೆ ಆದ ನಷ್ಟ ಒಂದು ತಿಂಗಳ ಕಡಿತ. ಆ ಗುರುತು ಹೋಗಿ ಸೇರಿದ್ದು ಒಂದು ಕಾರಿನ ಪಾಠದ ಪುಸ್ತಕಕ್ಕೆ. ಆರು ಗಂಟೆ ರಸ್ತೆ ನೋಡಿದ ಕಣ್ಣಿಗೆ ನಿಂತ ಲಾರಿ ಹೊರಟಂತೆ ಕಂಡಿತು, ಆ ಕಣ್ಣು ಹೇಳಿದ್ದನ್ನು ಯಂತ್ರ ಕಲಿಯಿತು. ನಾನು ಹೇಳಿದಾಗ ಕೇಳಿಸಿಕೊಂಡಿದ್ದರೆ ಅವರು ಮಾಡಬೇಕಾಗಿದ್ದದ್ದು ಏನೂ ಖರ್ಚಿನದಲ್ಲ. ವಿಡಿಯೊ ನಿಲ್ಲಿಸಿದ ಮೇಲೆ ಗುರುತು ಹಾಕುವ ಗುಂಡಿ ಅರ್ಧ ನಿಮಿಷ ತಡೆದು ತೆರೆದುಕೊಂಡರೆ ಸಾಕಿತ್ತು, ಅಷ್ಟರಲ್ಲಿ ತಟ್ಟೆ ಸಮಕ್ಕೆ ಬರುತ್ತದೆ. ಅಥವಾ ಗಂಟೆಗೊಮ್ಮೆ ನಿಂತ ಚಿತ್ರಗಳ ಕೆಲಸ ಕೊಡಬಹುದಿತ್ತು. ಆದರೆ ಎಣಿಕೆಯ ಕೂಲಿಯಲ್ಲಿ ಅರ್ಧ ನಿಮಿಷ ಯಾರದು? ಅವರದಂತೂ ಅಲ್ಲ. ನನ್ನದೆಂದರೆ ದಿನಕ್ಕೆ ಮುನ್ನೂರು ಸಲ ಅರ್ಧರ್ಧ ನಿಮಿಷ ಬಿಟ್ಟರೆ ನನ್ನ ಊಟ ಹೋಗುತ್ತದೆ. ಅದು ಕಂಪನಿಯ ಲೆಕ್ಕಕ್ಕೆ ಬರಬಾರದೆಂದೇ ಭ್ರಮೆ ಎಂಬ ಪದ ಬೇಕಾಗುತ್ತದೆ. ಭ್ರಮೆ ಯಾವಾಗಲೂ ನೋಡಿದವನ ಸ್ವಂತದ್ದು, ಅದಕ್ಕೆ ಪರಿಹಾರ ಕೇಳುವಂತಿಲ್ಲ.

ಕಡಿತವಾದ ಮರುದಿನದಿಂದ ನಾನು ಒಂದು ನೂರು ಪುಟದ ನೋಟ್‌ಬುಕ್ಕು ಇಟ್ಟೆ. ಎಡಗಡೆ ಗಂಟೆ, ನಡುವೆ ನೋಡಿದ ವಿಡಿಯೊಗಳ ಸಂಖ್ಯೆ, ಬಲಗಡೆ ಗೋಡೆ ಎಷ್ಟು ಸೆಕೆಂಡು ಸರಿಯಿತು. ಬೆಳಗಿನ ಮೊದಲ ಗಂಟೆಯ ನಂತರ ಮೂರೋ ನಾಲ್ಕೋ ಸೆಕೆಂಡು. ಊಟದ ಹೊತ್ತಿಗೆ ಎಂಟು. ಸಂಜೆಗೆ ಹದಿನೈದು, ಒಂದೆರಡು ದಿನ ಇಪ್ಪತ್ತು. ಮಧ್ಯಾಹ್ನ ಅರ್ಧ ಗಂಟೆ ಏರಿಯ ಮೇಲೆ ನಡೆದು ಬಂದ ದಿನಗಳಲ್ಲಿ ಸಂಜೆಯ ಅಂಕಿ ಇಳಿಯುತ್ತಿತ್ತು. ಗಡಿಯಾರದ ಸೆಕೆಂಡಿನ ಮುಳ್ಳೇ ಸರಿಯುತ್ತಿರುವಾಗ ಅದರಿಂದಲೇ ಎಣಿಸುವುದು ಎಂಥ ಅಳತೆ ಎಂದು ನೀವು ನಗಬಹುದು, ನಾನೂ ನಕ್ಕಿದ್ದೇನೆ. ಬಾಯಲ್ಲಿ ಒಂದು, ಎರಡು ಎಂದು ಎಣಿಸಿಕೊಂಡೇ ಬರೆದದ್ದು.

ನಲವತ್ತು ದಿನದ ಹಾಳೆಗಳ ಫೋಟೊ ತೆಗೆದು ಕಳಿಸಿದೆ. 'ಗಮನಿಸಲಾಗಿದೆ' ಎಂದು ಉತ್ತರ ಬಂತು. ಎರಡು ತಿಂಗಳಿಗೆ ಆ ಕೆಲಸವೇ ಮುಗಿಯಿತು ಎಂದು ಗುಂಪಿನಿಂದ ನಮ್ಮನ್ನೆಲ್ಲ ತೆಗೆದರು. ನೋಟ್‌ಬುಕ್ಕಿನಲ್ಲಿ ಇನ್ನೂ ಅರವತ್ತು ಪುಟ ಖಾಲಿ ಇದ್ದವು. ಚಿಕ್ಕಮ್ಮ ಅದನ್ನು ತೆಗೆದುಕೊಂಡು, ಗೋದಾಮಿನಿಂದ ಬಂದ ಮೇಲೆ ದಿನಾ ಎಷ್ಟು ಹೊತ್ತಿನವರೆಗೆ ಅಡಿಕೆ ಉರುಳುತ್ತವೆ ಎಂದು ನನ್ನ ಕೈಯಲ್ಲಿ ಬರೆಸುತ್ತಿದ್ದಾರೆ. ನಿನ್ನೆಯದು: ಎಂಟು ಗಂಟೆ ಆರಿಸಿದ್ದು, ರಾತ್ರಿ ಹತ್ತೂಕಾಲಿನವರೆಗೆ.